ಪೀಠವೇರಿದ ಕೆಣಕುಮೀನು

"ಎರಡು ಮೀನು ತಂದಿಟ್ಟಿದ್ದೆ. ಬಕೆಟ್ಟಲ್ಲಿ ಒಂದೇ ಇದೆಯಲ್ಲೇ?"

"ಇನ್ನೊಂದು ಮಾವನವ್ರ ಪಟದ ಮುಂದಿದೆ. ಉಪ್ಪು ಸವರಿ ಸುಟ್ಟಿಟ್ಟಿದೀನಿ."

ರಬ್ಬರಿನ ಷರಾಯಿಗೆ ಒಂದೇ ಕಾಲು ತೂರಿಸಿದ್ದ ಕಿಸಾಬುರೊ ಅಲ್ಲಿಯೇ ಕುಸಿದು ಕುಳಿತನು. ಅವನು ಕಾಗದದ ಕೊಡೆ ಕಟ್ಟುವವನು. ಗಿಫು ನಗರದ ನಡುವೆ ಹರಿಯುವ ನಾಗರಾ ನದಿಯಲ್ಲಿ ಆಯು ಮೀನಿನ ಬೇಟೆಗೆ ಆ ವರ್ಷ ಅಂದೇ ಮೊದಲ ದಿನ. ಆಯು ತನ್ನ ಬಂಡೆಯ ಪಾಚಿಯನ್ನು ಅನ್ಯರಿಗೆ ಬಿಟ್ಟುಕೊಡದ ಜೀವಿ. ಮೂಗಿಗೆ ಉಂಗುರ ತೊಡಿಸಿ ದಾರ ಕಟ್ಟಿದ ಮತ್ತೊಂದು ಆಯುವನ್ನು ಎದುರಿಗೆ ಬಿಟ್ಟರೆ ಕೆರಳಿ ಮೇಲೆರಗುತ್ತದೆ, ಎರಗಿ ಅದರ ಹಿಂದೆ ತೂಗುವ ಕೊಕ್ಕೆಗೆ ಬೆನ್ನನ್ನೊಪ್ಪಿಸುತ್ತದೆ. ಅಂತಹ ಕೆಣಕುಮೀನುಗಳೆರಡನ್ನು ಅವನು ಹಿಂದಿನ ಸಂಜೆ ದಂಡೆಯ ಅಂಗಡಿಯಿಂದ ತಂದಿದ್ದನು. ಒಂದು ದಣಿದರೆ ಇನ್ನೊಂದು ಬೇಕು.

ಹೆಂಡತಿ ಮಿತ್ಸುನೊ ನಿರ್ವಿಕಾರಳಾಗಿ ಅಕ್ಕಿ ಆರಿಸುತ್ತಿದ್ದಳು. ಋತುವಿನ ಮೊದಲ ಆಯು ತೀರಿಕೊಂಡ ಹಿರಿಯರ ಪೀಠಕ್ಕೆ ಸಲ್ಲಬೇಕೆಂಬುದು ಮನೆಯ ನೇಮ. ಅದನ್ನು ಬೆಳಿಗ್ಗೆಯೇ ಪೂರೈಸಿದರೆ ತಪ್ಪೇನೆಂಬುದು ಅವಳ ವಾದ. ಕೈಯಾರೆ ಹಿಡಿದದ್ದೇ ಸಲ್ಲತಕ್ಕದ್ದು, ಕೊಂಡದ್ದಲ್ಲ ಎಂಬುದು ಅವನ ಪ್ರತಿವಾದ.

"ನಮ್ಮಪ್ಪ ಈ ಹೊಳೇಲಿ ಹೆಸರು ಮಾಡಿದೋರು. ಅಂಗಡಿ ಮೀನು ಇಟ್ರೆ ಪಟದಲ್ಲೇ ಮುಖ ತಿರುಗಿಸ್ಕೋತಾರೆ."

"ಹಾಗಿದ್ರೆ ಹನ್ನೊಂದು ವರ್ಷದಿಂದ ಅವ್ರ ಬೆನ್ನಿಗೇ ಕೈ ಮುಗೀತಿದೀವಿ ಬಿಡಿ."

"ಏನಂದೆ?"

"ನೀವು ತರೋ ಮೀನು ತೊಳೆಯೋಳು ನಾನಲ್ವೇನ್ರಿ? ಹೊಳೆ ಆಯು ಎಳೆ ಸೌತೆಕಾಯಿ ಥರ ಘಮ್ಮನ್ನತ್ತೆ. ನಿಮ್ಮದು ಸಾಕಿದ ಕೊಳದ ವಾಸನೆ. ಬೆನ್ನ ಮೇಲೆ ಕೊಕ್ಕೆ ಗಾಯ ಇಲ್ಲ, ಮೂಗಲ್ಲಿ ಮಾತ್ರ ಉಂಗುರದ ಗುರುತು."

ಕಿಸಾಬುರೊ ಬಹಳ ಹೊತ್ತು ಷರಾಯಿಯ ಇನ್ನೊಂದು ಕಾಲನ್ನು ಹುಡುಕಿದನು. ಅದು ಅವನ ಕೈಯಲ್ಲಿಯೇ ಇತ್ತು.

"ಮೊದಲೇ ಯಾಕೆ ಹೇಳ್ಲಿಲ್ಲ?"

"ನಿಜವಾಗ್ಲೂ ಹಿಡಿದಿದ್ರೆ ಆಗಸ್ಟ್ ಮುಗಿಯೋವರೆಗೂ ಅದೇ ಕಥೆ ಕೇಳ್ಬೇಕಿತ್ತು. ಸುಳ್ಳು ಹೇಳಿದ ದಿನ ನೀವು ಬೇಗ ಮಲಗಿಬಿಡ್ತೀರಿ."

ಬೆನ್ನಿಗೆ ಗಾಯವಿರುವ ಮೀನನ್ನು ತರದಿದ್ದರೆ ಈ ಮನೆಯ ಅನ್ನ ಮುಟ್ಟುವುದಿಲ್ಲವೆಂದು ಶಪಥಗೈದು, ಉಳಿದೊಂದು ಮೀನಿನೊಡನೆ ಅವನು ಹೊರಟುಹೋದನು. ಅವಳು ಎರಡು ಪಾವು ಅಕ್ಕಿಯಲ್ಲಿ ಒಂದನ್ನು ಡಬ್ಬಕ್ಕೆ ಹಿಂದಿರುಗಿಸಿದಳು.

ಮಧ್ಯಾಹ್ನ ಮೂರಕ್ಕೆ ಅವನು ಮರಳಿದನು. ಟೊಪ್ಪಿಗೆ ಹೊಳೆಯ ಪಾಲಾಗಿತ್ತು, ಮೊಣಕೈ ತರಚಿತ್ತು, ಮೈಯೆಲ್ಲ ನೀರು. ಬಕೆಟ್ಟಿನಲ್ಲಿ ಗೇಣುದ್ದದ ಆಯು. ಬೆನ್ನಿನಲ್ಲಿ ಹಸಿಯ ಗಾಯ. ಸೇತುವೆಯ ಕೆಳಗಿನ ಬಂಡೆ, ದಾರದ ನಡುಕ, ತಾನು ಜಾರಿದ್ದು, ಜಾರಿಯೂ ಬಿಡದಿದ್ದುದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ನಿವೇದಿಸಿದನು.

ಮಿತ್ಸುನೊ ಮೀನನ್ನು ಎರಡು ಬಾರಿ ಮೂಸಿದಳು, ಗಾಯದ ಮೇಲೆ ಹೆಬ್ಬೆರಳಾಡಿಸಿದಳು. ಹದವಾಗಿ ಸುಟ್ಟು, ಪೀಠದ ಮೇಲಿದ್ದುದನ್ನು ತೆಗೆದು ಇದನ್ನಿಟ್ಟು, ಗಂಟೆ ಬಾರಿಸಿ ಕೈಮುಗಿದಳು. ಹನ್ನೊಂದು ವರ್ಷಗಳ ಕಳಂಕ ತೊಳೆದುಹೋಗುವ ಒಂದು ಮಾತಿಗಾಗಿ ಅವನು ಹಿಂದೆ ಮಂಡಿಯೂರಿ ಕಾದನು.

"ಮಾವನವ್ರೇ," ಎಂದಳು ಅವಳು ಭಕ್ತಿಯಿಂದ, "ಕೊನೆಗೂ ನಮ್ಮನೆಗೆ ಹೊಳೆ ಮೀನು ಬಂತು. ಹಿಡಿದ ಪುಣ್ಯಾತ್ಮರು ಯಾರೋ, ಅವ್ರನ್ನ ಚೆನ್ನಾಗಿಟ್ಟಿರಿ."