ತಿರುವಿನ ಕಣಗಿಲೆ

ನನ್ನ ಸ್ಕೂಟಿಯ ಬಲಗನ್ನಡಿಯ ಕಡ್ಡಿಗೆ ಒಂದು ಕಣಗಿಲೆ ಹೂವು ಸಿಕ್ಕಿಕೊಂಡಿತ್ತು. ಗುಲಾಬಿ ಬಣ್ಣದ್ದು, ತೊಟ್ಟಿನ ಸಮೇತ. ಕಾಲೇಜಿನಲ್ಲಿ ಸಹೋದ್ಯೋಗಿಯೊಬ್ಬರು, “ಏನ್ರೀ ಮೇಡಂ, ಗಾಡಿ ಪೂಜಾ ಏನು?” ಎಂದರು. ನಕ್ಕೆ. ಓಣಿಯ ಮೂಲೆಮನೆಯ ಗಿಡ ತಾಕಿ ಬಂದದ್ದು, ಆ ಗಿಡ ಕಂಡರೆ ನನಗೆ ಹೊಟ್ಟೆಕಿಚ್ಚು ಎಂದು ಹೇಳಲಿಲ್ಲ. ಹೊಟ್ಟೆಕಿಚ್ಚು ನನ್ನಂಥ ಮಿತಭಾಷಿಗಳಿಗೆ ಹೇಳಿ ಮಾಡಿಸಿದ ಗುಣ. ಅದಕ್ಕೆ ಮಾತಿನ ಖರ್ಚಿಲ್ಲ.

ಸೇಡಂನಲ್ಲಿ ನಮ್ಮ ಓಣಿ ದೊಡ್ಡ ರಸ್ತೆಗೆ ಸೇರುವ ಮೂಲೆಯ ಮನೆ ಸುನಂದಕ್ಕನದು. ಅವರ ಪರ್ಸಿಕಲ್ಲಿನ ಗೋಡೆ ದಾಟಿ ಕಣಗಿಲೆ ಗಿಡ ರಸ್ತೆಗೇ ಬಾಗಿತ್ತು. ಗೋಡೆಯ ಒಳಗಿನ ಹೂವು ಮನೆಯವರದು, ಹೊರಗೆ ಬಾಗಿದ್ದು ಓಣಿಯದು. ಇದನ್ನು ನಮ್ಮಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಹಾಗಾಗಿ ಬೆಳಗಾದರೆ ಬಟ್ಟಲು ಹಿಡಿದ ಹೆಂಗಸರೆಲ್ಲ ಅಲ್ಲಿಗೆ. ಆಮೇಲೆ ಅಕ್ಕನ ಕಟ್ಟೆಯ ಮೇಲೆ ಚಹಾ, ನಗು. ನಾನೂ ದಾಸವಾಳ ಬೆಳೆಸಿದ್ದೇನೆ. ಕೋಲು ಕಟ್ಟಿ ನೆಟ್ಟಗೆ ನಿಲ್ಲಿಸಿದ್ದೇನೆ. ಅದು ಗೋಡೆಯಾಚೆ ಇಣುಕುವುದಿಲ್ಲ, ಹೂವನ್ನೂ ಯೋಚಿಸಿಯೇ ಬಿಡುತ್ತದೆ. ಅದನ್ನು ಕೇಳಿಕೊಂಡು ಯಾರೂ ಬಂದಿಲ್ಲ.

ಆ ಕಣಗಿಲೆಯ ಮರೆಯಿಂದ ಬಲಗಡೆ ಬರುವ ಗಾಡಿ ಕಾಣುತ್ತಿರಲಿಲ್ಲ. ದಿನವೂ ನಿಂತು ಹಾರ್ನ್ ಒತ್ತುತ್ತಿದ್ದೆ. ಕಟ್ಟೆಯ ಮೇಲಿಂದ ಸುನಂದಕ್ಕ ಎದ್ದು ರಸ್ತೆ ನೋಡಿ, “ನಿಂದ್ರಿ ಮೇಡಂ, ಟಂಟಂ ಬರಾಕತ್ತದ... ಹಾಂ, ಈಗ ಬರ್ರಿ,” ಎನ್ನುತ್ತಿದ್ದರು. ಉಳಿದವರೂ ತಿರುಗಿ, “ಇವತ್ತ ಭಾಳ ಲಗೂ ಹೊಂಟೀರಲ್ಲ?” ಎಂದು ಕೇಳುತ್ತಿದ್ದರು. ನಾನು ತಲೆಯಾಡಿಸಿ ಹೋಗುತ್ತಿದ್ದೆ.

ಹೋದ ವಾರ ಸುನಂದಕ್ಕ ತಮ್ಮ ತಂಗಿಯ ಮನೆಗೆಂದು ಕಾಳಗಿಗೆ ಹೋಗಿದ್ದರು. ಅವ್ವನನ್ನು ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಿದ್ದೆ. ಹಾರ್ನ್ ಒತ್ತಿದೆ, ಉತ್ತರ ಬರಲಿಲ್ಲ. ರಸ್ತೆ ಖಾಲಿ ಎಂದುಕೊಂಡು ಮುಂದೆ ಬಿಟ್ಟೆ. ಟಂಟಂ ಆಟೋ ಒಂದು ನಮ್ಮ ಮೂಗಿನ ಮುಂದೆಯೇ ಹಾದುಹೋಯಿತು. ಬ್ರೇಕ್ ಒತ್ತಿದ ರಭಸಕ್ಕೆ ಅವ್ವ ಜಾರಿ ಬಿದ್ದು ಮೊಣಕೈ ತರಚಿಕೊಂಡಳು. ಎದ್ದು ಸೀರೆ ಕೊಡವುತ್ತ, “ಸತ್ತಿದ್ರ ಹೂವಿಗೆ ದೂರ ಹೋಗೂದು ಇರಲಿಲ್ಲ ಬಿಡು,” ಎಂದಳು.

ಅಕ್ಕ ಮರಳಿದ ಸಂಜೆಯೇ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. “ತಿರುವಿನಾಗ ಗಿಡ ಸೊಂಟದ ಮಟ್ಟ ಇರಬೇಕ್ರಿ ಅಕ್ಕಾ. ಗಾಡಿ ಮ್ಯಾಲ ಕೂತವರಿಗೆ ಎರಡೂ ಕಡೆ ಕಾಣಬೇಕು.” ಅವ್ವ ಬಿದ್ದದ್ದನ್ನು ಕೊನೆಗೆ ಹೇಳಿದೆ. ಜಗಳವಾಗಲಿ ಎಂಬ ಸಣ್ಣ ಆಸೆಯೂ ಇತ್ತು.

“ಅವ್ವಗ ಪೆಟ್ಟಾದದ್ದು ಮೊದಲ ಹೇಳಬಾರದೇನ್ರಿ?” ಎಂದು ಅಕ್ಕ ನೇರ ನಮ್ಮ ಮನೆಗೆ ನಡೆದರು. ಅವ್ವನ ಮೊಣಕೈ ನೋಡಿ, ಮರಳಿ ಹೋಗಿ ಕುಡಗೋಲು ತಂದರು. ಹೂವಿದ್ದ ಟೊಂಗೆಗಳು ಒಂದೊಂದಾಗಿ ಉರುಳಿದವು. ನನಗೆ ಸಂತೋಷವಾಯಿತು; ಅದು ಬರೀ ಸುರಕ್ಷತೆಯ ಸಂತೋಷವಾಗಿರಲಿಲ್ಲ.

ಎದುರು ಮನೆಯ ಮಹಾದೇವಿ ಬಾಗಿಲಲ್ಲೇ ನಿಂತಿದ್ದರು. “ಈಗ ಸಮಾಧಾನ ಆಯ್ತೇನ್ರಿ ಮೇಡಂ? ತಮ್ಮ ದಾಸವಾಳ ಹೂವ ಬಿಡವಲ್ದು, ಅದಕ್ಕ.”

“ಹಂಗೇನಿಲ್ರಿ, ಗಾಡಿ ಕಾಣ್ಲಿ ಅಂತ,” ಎಂದೆ. ಎರಡೂ ಕಾರಣಗಳು ಖರೆ ಇದ್ದಾಗ ಒಂದನ್ನೇ ಹೇಳುವುದು ಎಷ್ಟು ಕಷ್ಟ.

“ಸುಮ್ನಿರವ್ವ ಮಾದೇವಿ,” ಎಂದು ಸುನಂದಕ್ಕ ಗದರಿ, ಕಡಿದ ಟೊಂಗೆಗಳನ್ನು ನೆಡಲೆಂದು ಮನೆಮನೆಗೆ ಹಂಚಿದರು. ದಪ್ಪನೆಯದು ನಮಗೇ ಬಂತು. ಈ ಹೆಂಗಸನ್ನು ದ್ವೇಷಿಸಲು ಒಂದು ಜಾಗವೂ ಸಿಗುವುದಿಲ್ಲ.

ಮರುದಿನ ಬೆಳಿಗ್ಗೆ ತಿರುವಿನಲ್ಲಿ ಸ್ಕೂಟಿ ನಿಲ್ಲಿಸಿದೆ. ಬಲಗಡೆ ದೂರದವರೆಗೂ ರಸ್ತೆ ನಿಚ್ಚಳ. ಮರೆಯೇ ಇಲ್ಲದ್ದರಿಂದ ಕಟ್ಟೆಯೂ ನಿಚ್ಚಳ. ಕೊಯ್ಯಲು ಹೂವಿರಲಿಲ್ಲ, ಆದರೂ ಎಲ್ಲರೂ ಬಂದಿದ್ದರು. ಮಹಾದೇವಿ ಏನೋ ಹೇಳುತ್ತಿದ್ದರು, ಸುನಂದಕ್ಕ ಚಹಾ ಬಸಿಯುತ್ತ ನಗುತ್ತಿದ್ದರು. ನನಗೆ ದಾರಿ ಹೇಳುವ ಅಗತ್ಯ ಯಾರಿಗೂ ಇರಲಿಲ್ಲ. ಒಬ್ಬರೂ ತಲೆ ಎತ್ತಲಿಲ್ಲ. ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ. ಒಂದು ಗಾಡಿಯೂ ಇರಲಿಲ್ಲ.

ಹಾರ್ನ್ ಒತ್ತಿದೆ.