ಸ್ಫೂರ್ತಿ ಬರುವ ಬಚ್ಚಲು

ಹೆಂಡತಿ: (ಬಚ್ಚಲಿನ ಬಾಗಿಲು ಬಡಿಯುತ್ತ) ನೀರಿನ ಸದ್ದಿಲ್ಲ, ನಿಮ್ಮ ಸದ್ದೂ ಇಲ್ಲ. ಒಳಗೆ ಏನ್ರೀ ಮಾಡ್ತಿದ್ದೀರಿ?

ಕಾದಂಬರಿಕಾರ: ಬರೀತಿದ್ದೀನಿ. ಮೆಲ್ಲಗೆ ಮಾತಾಡು.

ಹೆಂಡತಿ: ಬರೆಯೋಕೆ ಗಾಳಿ ಬೆಳಕು ಬೇಕು ಅಂತ ಕಿಟಕಿ ಪಕ್ಕ ಮೇಜು ಹಾಕಿಸಿಕೊಂಡ್ರಲ್ಲ, ಅದರ ಮೇಲೆ ಈಗ ಇಸ್ತ್ರಿ ಬಟ್ಟೆ ಕೂತಿದೆ. ನೀವು ಬಂದು ಬಚ್ಚಲು ಸೇರಿದ್ದೀರಿ. ಬಟ್ಟೆ ನೆನೆಸಿಟ್ಟಿದ್ದೀನಿ, ಬಾಗಿಲು ತೆಗೀರಿ.

ಚಿಲಕ ತೆಗೆದು ಅವರು ಗಡಿಬಿಡಿಯಿಂದ ತಮ್ಮ ಜಾಗಕ್ಕೆ ಮರಳಿದರು. ಜಾಗವೆಂದರೆ ಬೋರಲು ಹಾಕಿದ ಬಕೆಟ್ಟು. ನೆನೆಸಿದ ಬಟ್ಟೆಯೆಲ್ಲ ನೆಲದ ಮೇಲಿತ್ತು. ಹದಿಹರೆಯದವರ ಕಾದಂಬರಿಗಳಿಗೆ ಹೆಸರಾದ ಲೇಖಕರು ಆ ಬಕೆಟ್ಟಿನ ಮೇಲೆ ನಿಂತು, ಕೈಯಲ್ಲಿ ಕಾಗದ ಸಿಕ್ಕಿಸಿದ ರಟ್ಟು ಹಿಡಿದು, ಕಿವಿಯನ್ನು ಗೋಡೆಯ ಗಾಳಿಕಿಂಡಿಗೆ ಕೊಟ್ಟಿದ್ದರು. ಕಿಂಡಿಯ ಆಚೆ ಮಗಳ ಕೋಣೆ. ಹದಿನಾರರ ಮಗಳು ಆ ಕೋಣೆಯಲ್ಲಿ ಗೆಳತಿಯೊಂದಿಗೆ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಾಳೆ, ಊಟಕ್ಕೆ ಕೂತಾಗ ಬಾಯಿ ಬಿಡುವುದಿಲ್ಲ.

ಹೆಂಡತಿ: ಅಯ್ಯೋ ನಿಮ್ಮ. ಕದ್ದು ಕೇಳ್ತಿದ್ದೀರಾ?

ಕಾದಂಬರಿಕಾರ: ಕದ್ದು ಅನ್ನಬೇಡ. ಗಮನಿಸ್ತಿದ್ದೀನಿ.

ಹೆಂಡತಿ: ಮೊನ್ನೆ ಸಂದರ್ಶನದಲ್ಲಿ ಏನೋ ಅಂದ್ರಲ್ಲ, ‘ನನ್ನೊಳಗಿನ ಹದಿಹರೆಯ ಇನ್ನೂ ಸತ್ತಿಲ್ಲ’ ಅಂತ.

ಕಾದಂಬರಿಕಾರ: ಸತ್ತಿಲ್ಲ ಕಣೇ.

ಹೆಂಡತಿ: ಗೋಡೆ ಆಚೆ ಇದ್ದಾಳೆ, ಸಾಯೋದು ಹೇಗೆ?

ಅವರು ಪಿಸುಮಾತಿನಲ್ಲೇ ತಮ್ಮ ಬರವಣಿಗೆಯ ಗುಟ್ಟು ವಿವರಿಸಿದರು. ಸಂಭಾಷಣೆಯನ್ನು ಕಟ್ಟಬಾರದು, ಕೇಳಿಸಿಕೊಳ್ಳಬೇಕು. ಎಳೆಯ ಓದುಗರಿಗೆ ಸುಳ್ಳಿನ ವಾಸನೆ ತಟ್ಟನೆ ಹತ್ತುತ್ತದೆ. ಇದನ್ನೆಲ್ಲ ಅವರು ಸಭೆಗಳಲ್ಲೂ ಹೇಳುವುದುಂಟು, ಹೆಂಡತಿ ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದೂ ಉಂಟು. ಬಕೆಟ್ಟಿನ ವಿಷಯ ಮಾತ್ರ ಅಲ್ಲಿ ಬಂದಿರಲಿಲ್ಲ.

ಹೆಂಡತಿ: ಹಾಗಾದ್ರೆ ಹೋದ ಪುಸ್ತಕದಲ್ಲಿ ಆ ಹುಡುಗಿ ಗೆಳತಿ ಕೈಬಿಟ್ಟಳು ಅಂತ ಹೊರಳಾಡಿ ಅತ್ತಳಲ್ಲ, ಅದು?

ಕಾದಂಬರಿಕಾರ: ಇಲ್ಲಿಂದಲೇ. ಎಷ್ಟು ಜನ ಓದಿ ಕಣ್ಣೀರು ಹಾಕಿದ್ರು ಗೊತ್ತಾ?

ಹೆಂಡತಿ: ಅಲ್ಲಿ ನಮ್ಮ ಮಗಳು ಅಳ್ತಿದ್ದಾಗ ಇಲ್ಲಿ ನೀವೇನು ಮಾಡಿದ್ರಿ?

ಕಾದಂಬರಿಕಾರ: ಪೆನ್ನು ಹುಡುಕಿದೆ.

ಹೆಂಡತಿ ಬಟ್ಟೆ ಎತ್ತಲು ಬಗ್ಗಿದವಳು ಹಾಗೇ ನಿಂತಳು.

ಹೆಂಡತಿ: ಈಗ ಬರೀತಿರೋದು ಏನು?

ಕಾದಂಬರಿಕಾರ: ಹುಡುಗಿಯೊಬ್ಬಳು ಮನೆ ಬಿಟ್ಟು ಹೋಗ್ತಾಳೆ.

ಹೆಂಡತಿ: ಯಾವ ಹುಡುಗಿ?

ಕಾದಂಬರಿಕಾರ: ಕಾದಂಬರಿ ಹುಡುಗಿ.

ಹೆಂಡತಿ: ಅದನ್ನ ಎಲ್ಲಿಂದ ಕೇಳಿಸಿಕೊಂಡ್ರಿ?

ಅವರು ಕಿಂಡಿಯ ಕಡೆ ನೋಡಿದರು. ಕೇಳಿದ್ದನ್ನು ಮುಚ್ಚಿಡುವ ಸ್ವಭಾವ ಅವರದಲ್ಲ. ಮುಚ್ಚಿಟ್ಟಿದ್ದರೆ ಇಷ್ಟು ಪುಸ್ತಕ ಎಲ್ಲಿ ಬರುತ್ತಿದ್ದವು?

ಕಾದಂಬರಿಕಾರ: ಭಾನುವಾರ ಬೆಳಿಗ್ಗೆ ಹೊರಟುಬಿಡ್ತೀನಿ, ಮನೇಲಿ ಹೇಳಲ್ಲ ಅಂದ್ಲು. ಎಲ್ಲಿಗೆ ಅನ್ನಲಿಲ್ಲ. ಅಧ್ಯಾಯ ಅಲ್ಲೇ ನಿಂತುಬಿಟ್ಟಿದೆ.

ಹೆಂಡತಿ: ಯಾವಾಗ ಅಂದ್ಲು?

ಕಾದಂಬರಿಕಾರ: ಸೋಮವಾರ.

ಹೆಂಡತಿ: ಇವತ್ತು ಶನಿವಾರ ರೀ.

ಕಾದಂಬರಿಕಾರ: ಅದಕ್ಕೇ ಮೆಲ್ಲಗೆ ಮಾತಾಡು ಅಂದಿದ್ದು. ಇವತ್ತಾದ್ರೂ ಬಾಯಿ ಬಿಡ್ತಾಳೆ. ಬಸ್ಸೋ ರೈಲೋ ಅಷ್ಟು ಗೊತ್ತಾದ್ರೆ ಸಾಕು, ಮುಂದಿನದು ನಾನು ನೋಡ್ಕೋತೀನಿ.

ಹೆಂಡತಿ: ಮಗಳನ್ನ ತಡೆಯೋದು ಬಿಟ್ಟು ರೈಲಿನ ಲೆಕ್ಕ ಹಾಕ್ತಿದ್ದೀರಾ?

ಕಾದಂಬರಿಕಾರ: ತಡೆದ್ರೆ ಕಥೆ ಕೃತಕ ಆಗುತ್ತೆ ಕಣೇ.

ಹೆಂಡತಿ ತಿರುಗಿ ಓಡಬೇಕೆನ್ನುವಷ್ಟರಲ್ಲಿ ಮಗಳು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಹೊರಗೇ ನಿಂತಿದ್ದಳು. ತಾಯಿ ಅವಳ ಮುಂಗೈ ಹಿಡಿದವಳು ಬಿಡಲೇ ಇಲ್ಲ.

ಹೆಂಡತಿ: ಪುಟ್ಟಿ, ನಾಳೆ ನೀನು ಎಲ್ಲಿಗೂ ಹೋಗಕೂಡದು.

ಮಗಳು: ಎಲ್ಲಿಗೂ ಹೋಗಲ್ಲಮ್ಮ. ಅವತ್ತು ಫೋನಲ್ಲಿ ಆ ಕಡೆ ಯಾರೂ ಇರ್ಲಿಲ್ಲ.

ಕಾದಂಬರಿಕಾರ: ಯಾರೂ ಇರ್ಲಿಲ್ವಾ?

ಮಗಳು: ನಿಮ್ಮ ಹೋದ ಪುಸ್ತಕ ಓದಿದೆ ಅಪ್ಪ. ಅಳುವಾಗ ನಂಗೆ ಬಿಕ್ಕಳಿಕೆ ಬಂದಿದ್ದು, ನಡುವೆ ನೀರು ಕುಡಿದಿದ್ದು, ಎಲ್ಲ ಅದರಲ್ಲಿತ್ತು. ಶಾಲೇಲಿ ಎಲ್ಲರೂ ಓದಿದ್ರು.

ಅಂದಿನಿಂದ ನಿಜವಾದ ಮಾತನ್ನೆಲ್ಲ ಅವಳು ಶಾಲೆಯ ಮೆಟ್ಟಿಲ ಮೇಲೆ ಮುಗಿಸಿ ಬರುತ್ತಿದ್ದಳಂತೆ. ಕೋಣೆಯಲ್ಲಿ ಆಡಿದ್ದೆಲ್ಲ ಅಪ್ಪನ ಸಲುವಾಗಿ, ಸತ್ತ ಫೋನು ಹಿಡಿದು.

ಕಾದಂಬರಿಕಾರ: ಹಾಗಾದ್ರೆ ಫೋನಲ್ಲಿ ದಿನಾ ಹೇಳ್ತಿದ್ದೆಯಲ್ಲ, ಆ ಈಜುವ ಹುಡುಗ?

ಮಗಳು: ಅಂಥವನು ಯಾರೂ ಇಲ್ಲ.

ಕಾದಂಬರಿಕಾರ: ಈಗ ಬರೀತಿರೋ ಇಡೀ ಪುಸ್ತಕ ಅವನ ಮೇಲೆ ನಿಂತಿದೆಯಲ್ಲೇ!

ಮಗಳು: ಗೊತ್ತು. ಕಥೆ ಸಪ್ಪೆಯಾಗ್ತಿದೆ ಅಂತ ಅಮ್ಮನ ಹತ್ರ ಗೊಣಗಿದ್ರಲ್ಲ, ಅದಕ್ಕೇ ಅವನ ತಾಯಿಗೆ ಕಾಯಿಲೆ ಬರಿಸಿದೆ.

ಅವರು ಬಕೆಟ್ಟಿನ ಮೇಲಿಂದಲೇ ಮಗಳನ್ನು ಮೆಚ್ಚುಗೆಯಿಂದ ನೋಡಿದರು. ಕಾಯಿಲೆಯ ತಿರುವು ಪ್ರಕಾಶಕರಿಗೆ ತುಂಬಾ ಹಿಡಿಸಿತ್ತೆಂದೂ ಹೇಳಿದರು. ಹೆಂಡತಿಗೆ ರೇಗಿತು.

ಹೆಂಡತಿ: ಮನೆ ಬಿಡ್ತೀನಿ ಅನ್ನೋ ಮಾತು ಯಾಕೆ ಬೇಕಿತ್ತೇ ನಿಂಗೆ? ನನ್ನ ಜೀವವೇ ಹೋಗಿತ್ತು.

ಮಗಳು: ಅದು ಕಥೆಗಲ್ಲಮ್ಮ. ಅದೊಂದು ಮಾತು ಕೇಳಿದ್ರೆ ಅಪ್ಪ ಕೆಳಗಿಳಿದು ಬಂದು ನನ್ನ ಬಾಗಿಲು ತಟ್ತಾರೆ ಅಂದುಕೊಂಡೆ. ದಿನಾ ಚಿಲಕ ಹಾಕದೇ ಕೂತಿದ್ದೆ. ತಟ್ಟಲೇ ಇಲ್ಲ.

ಕಾದಂಬರಿಕಾರರ ಕಣ್ಣು ತುಂಬಿತು. ಅದು ನಟನೆಯಲ್ಲ, ಸುಳ್ಳು ಹೇಳಬಾರದು. ಅವರು ನಿಧಾನವಾಗಿ ಕೆಳಗಿಳಿದು, ಒದ್ದೆ ಬಟ್ಟೆ ದಾಟಿ, ಮಗಳ ಎದುರು ಬಂದು ನಿಂತರು. ಹೆಂಡತಿ ಮಗಳ ಕೈ ಬಿಟ್ಟು, ಅಪ್ಪ ಮಗಳ ನಡುವಿನಿಂದ ಪಕ್ಕಕ್ಕೆ ಸರಿದಳು.

ಕಾದಂಬರಿಕಾರ: ಪುಟ್ಟಿ, ಆ ಚಿಲಕದ ಮಾತು ಇನ್ನೊಂದ್ಸಲ ಹೇಳಮ್ಮ. ನಿಧಾನವಾಗಿ.

ಪೆನ್ನಿನ ಮುಚ್ಚಳ ಆಗಲೇ ಹಲ್ಲಿನಲ್ಲಿತ್ತು. ಮಗಳು ಅಪ್ಪನನ್ನು ಒಂದು ಗಳಿಗೆ ನೋಡಿದಳು.

ಮಗಳು: ಇಲ್ಲಿ ಬೇಡ ಅಪ್ಪ. ನೀವು ಬಕೆಟ್ ಹತ್ತಿ, ನಾನು ಒಳಗೆ ಹೋಗಿ ಹೇಳ್ತೀನಿ. ಎದುರಿಗೆ ಹೇಳಿದ್ರೆ ನಿಮಗೆ ಕೇಳ್ಸಲ್ಲ.

ಅವಳ ಕೋಣೆಯ ಚಿಲಕ ಬಿದ್ದ ಸದ್ದಾಯಿತು. ಹೆಂಡತಿ ಗಂಡನಿಗೆ ಏನೋ ಹೇಳಲೆಂದು ತಿರುಗಿದಳು. ಅವರು ಆಗಲೇ ಬಕೆಟ್ಟಿನ ಮೇಲಿದ್ದರು.