ಮದುವೆ ಕುದುರೆಯ ಕಾಡು ಬಿಡಾರ

ಕುದುರೆ ಸಾಕಿದವನ ಮನೆಯಲ್ಲಿ ನಗುವಿಗೆ ಬರಗಾಲ ಬಂದದ್ದನ್ನು ನಾನು ಕಂಡಿಲ್ಲ. ಬೇರೆ ಎಲ್ಲದಕ್ಕೂ ಬಂದಿದೆ.

ರಾಯಚೂರಿನಲ್ಲಿ ನನ್ನ ಕಸುಬು ಮದುವೆ ಮೆರವಣಿಗೆಗೆ ಕುದುರೆ ಕೊಡುವುದು. ಎರಡು ಕಂದು ಕುದುರೆ, ಒಂದು ಬಿಳಿಯ ಹೆಣ್ಣು ಕುದುರೆ. ಬಿಳಿಯದರ ಹೆಸರು ಚಾಂದನಿ. ನಮ್ಮ ಓಣಿಯ ಅರ್ಧ ಗಂಡಂದಿರು ಅವಳ ಬೆನ್ನ ಮೇಲೆ ಕೂತೇ ಮಂಟಪಕ್ಕೆ ಹೋದವರು. ಆಮೇಲೆ ಅವರಿಗೆ ಏನೇನಾಯಿತೋ ಅದರ ಹೊಣೆ ಚಾಂದನಿಯದಲ್ಲ.

ಈಚೆಗೆ ಮದುಮಗನಿಗೆ ಕುದುರೆ ಬೇಡ, ಹೂವು ಕಟ್ಟಿದ ತೆರೆದ ಜೀಪು ಬೇಕು. ಅದರ ಮೇಲೆ ಧನುರ್ಮಾಸ ಹಿಡಿಯಿತೆಂದರೆ ಮದುವೆಗಳೇ ಇಲ್ಲ. ಪಂಚಾಂಗದಲ್ಲಿ ಮುಹೂರ್ತ ಇಲ್ಲವೆಂದು ಕುದುರೆ ಹುಲ್ಲು ಬಿಡುತ್ತದೆಯೇ? ಹೋದ ವರ್ಷ ಧನುರ್ಮಾಸ ಹಿಡಿದ ದಿನ ನನ್ನ ಹೆಂಡತಿ ಮೇವಿನ ಹೊರೆ ಇಳಿಸುತ್ತಾ ಅಂದಳು: "ಗದ್ವಾಲ ಕಡಿ ವ್ಯಾಪಾರಿ ಒಬ್ಬ ಚಾಂದನಿನ್ನ ಕೇಳಾಕತ್ತಾನ. ಸಂಕ್ರಾಂತಿಗಿ ಕೊಟ್ಟು ಬಿಡೂಣು. ಕುಂತು ತಿನ್ನೂದು ಒಬ್ಬರು ಸಾಕು ಮನ್ಯಾಗ."

ಆ 'ಒಬ್ಬರು' ಯಾರೆಂದು ನಾನು ಕೇಳಲಿಲ್ಲ. ಚಾಂದನಿ ಮರಿಯಾಗಿದ್ದಾಗಿನಿಂದ ನನ್ನ ಅಂಗೈಯ ಬೆಲ್ಲ ತಿಂದು ಬೆಳೆದವಳು. ಅವಳನ್ನು ಬೇರೆಯವರ ಲಾರಿಗೆ ಹತ್ತಿಸುವುದು ನನ್ನಿಂದ ಆಗುವ ಮಾತಲ್ಲ.

"ದುಡಿದು ತಿಂದ್ರ?" ಅಂದೆ.

"ದುಡಿದು ತಿಂದ್ರ ಯಾರು ಬ್ಯಾಡಂತಾರ? ಸಂಕ್ರಾಂತಿ ತನಕ ನೋಡ್ತೀನಿ."

ಹೀಗೆ ಶುರುವಾಯಿತು ನಮ್ಮ ಕಾಡು ಬಿಡಾರ. ದೇವದುರ್ಗದ ಆಚೆ, ಗುಡ್ಡದ ಬುಡದಲ್ಲಿ, ಅರಣ್ಯದವರು ಬಿಡಾರ ಹೂಡಲು ಬಿಟ್ಟ ಒಂದು ಜಾಗವಿದೆ. ನಾಲ್ಕಾರು ಬೇವಿನ ಮರ, ಒಂದು ಕೈಪಂಪು, ಒಬ್ಬ ಕಾವಲುಗಾರ, 'ಗದ್ದಲ ಮಾಡಬಾರದು' ಎಂಬ ಬೋರ್ಡು. ಕುದುರೆಗಳನ್ನು ಮಿನಿ ಲಾರಿಯಲ್ಲಿ ಅಲ್ಲಿಗೆ ಒಯ್ಯುವುದು, ಪೇಟೆಯ ಜನರನ್ನು ಕುದುರೆ ಮೇಲೆ ಗುಡ್ಡ ಸುತ್ತಿಸುವುದು, ರಾತ್ರಿ ಡೇರೆಯಲ್ಲಿ ಮಲಗಿಸುವುದು, ಮರುದಿನ ಮನೆ ಮುಟ್ಟಿಸುವುದು. ಊಟಕ್ಕೆ ಹೆಂಡತಿ ಒಣಗಿಸಿದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತಿದ್ದಳು. ತಾನು ಮಾತ್ರ ಬರುತ್ತಿರಲಿಲ್ಲ. "ಮನಿ ಇದ್ದವರು ಅಡವ್ಯಾಗ ಯಾಕ ಮಲಗಬೇಕ್ರೀ?" ಎಂಬುದು ಅವಳ ಪ್ರಶ್ನೆ.

ಮೌನ ಕೇಳಲು ಬಂದವರು

ಮೊದಲ ಗಿರಾಕಿಗಳು ರಾಯಚೂರಿನ ಒಬ್ಬ ಡಾಕ್ಟರು ಮತ್ತು ಅವರ ಹೆಂಡತಿ. ಡಾಕ್ಟರು ಲಾರಿಯ ಹಿಂದೆ ಕಾರಿನಲ್ಲಿ ಬಂದಿಳಿದು, ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. "ದವಾಖಾನಿ ಗದ್ದಲ ಕೇಳಿ ಕೇಳಿ ಕಿವಿ ದಣಿದಾವ. ಅಡವಿ ಮೌನ ಕೇಳಬೇಕು ನಾನು," ಅಂದರು.

ಅವರನ್ನು ಚಾಂದನಿ ಮೇಲೆ ಕೂರಿಸಿದೆ. ಚಾಂದನಿ ನಿಂತಲ್ಲೇ ನಿಂತಳು. ಲಗಾಮು ಜಗ್ಗಿದೆ, ಬೆನ್ನು ತಟ್ಟಿದೆ, ಬೆಲ್ಲ ತೋರಿಸಿದೆ. ಬೆಲ್ಲ ತಿಂದು ಮತ್ತೆ ನಿಂತಳು. ಆಗ ನನಗೆ ಹೊಳೆಯಿತು. ಚಾಂದನಿ ಹುಟ್ಟಿದಾಗಿನಿಂದ ಮೆರವಣಿಗೆಯ ಕುದುರೆ. ಬೆನ್ನ ಮೇಲೆ ಜನ ಕೂತ ಮೇಲೆ ಬ್ಯಾಂಡಿನ ಸದ್ದಿಲ್ಲದೆ ಅವಳು ಒಂದು ಹೆಜ್ಜೆಯನ್ನೂ ಇಟ್ಟವಳಲ್ಲ. ವಾಲಗ ಇಲ್ಲದೆ ಮದುಮಗ ಹೊರಡುವುದುಂಟೇ?

ರೊಟ್ಟಿ ಡಬ್ಬಿಯ ತಗಡಿನ ಮುಚ್ಚಳ ತೆಗೆದುಕೊಂಡು, ಒಂದು ಕೋಲಿನಿಂದ ಬಾರಿಸುತ್ತಾ ಮುಂದೆ ನಡೆದೆ. ಚಾಂದನಿ ಕತ್ತು ಕೊಂಕಿಸಿ, ಕಾಲೆತ್ತಿ, ಕುಣಿಯುತ್ತಾ ಹಿಂದೆ ಬಂದಳು. ನವಿಲುಗಳು ಮರ ಬಿಟ್ಟು ಓಡಿದವು. ಕಾವಲುಗಾರ ಸೀಟಿ ಊದುತ್ತಾ ಬಂದ.

"ಬೋರ್ಡ್ ಓದಿಲ್ಲೇನು? ಗದ್ದಲ ಮಾಡಂಗಿಲ್ಲ ಇಲ್ಲಿ."

ನಾನು ಬಾರಿಸುವುದನ್ನು ನಿಲ್ಲಿಸಿ ತೋರಿಸಿದೆ, ಕುದುರೆ ನಿಂತಿತು. ಬಾರಿಸಿ ತೋರಿಸಿದೆ, ಕುದುರೆ ನಡೆಯಿತು. ಕಾವಲುಗಾರ ಟೋಪಿ ತೆಗೆದು ತಲೆ ಕೆರೆದುಕೊಂಡು ವಿಚಾರ ಮಾಡಿದ. ಕೊನೆಗೆ ತೀರ್ಪು ಕೊಟ್ಟ: "ಮೆಲ್ಲಕ ಬಡೀರಿ. ಪೂರಾ ಮದುವಿ ಮಾಡಬ್ಯಾಡ್ರಿ, ರಿಜಿಸ್ಟರ್ ಮದುವಿ ಮಾಡ್ರಿ."

ಗುಡ್ಡದ ಅರ್ಧ ದಾರಿಯಲ್ಲಿ ಡಾಕ್ಟರು ಬಗ್ಗಿ ನನ್ನ ಕಿವಿಯ ಹತ್ತಿರ ಅಂದರು: "ಅಲ್ರೀ, ನಾವು ಮೌನ ಕೇಳಾಕ ಬಂದಿದ್ವಿ."

"ಕೇಳ್ರಿ ಸಾಹೇಬ್ರ, ನಾನು ನಡುನಡುವ ನಿಲ್ಲಿಸ್ತೀನಿ," ಅಂದೆ.

ನಿಲ್ಲಿಸಿದೆ. ಕುದುರೆಯೂ ನಿಂತಿತು. ಡಾಕ್ಟರು ನಡು ಅಡವಿಯಲ್ಲಿ ಕುದುರೆ ಮೇಲೆ ಕೂತು ಮನಸಾರೆ ಮೌನ ಕೇಳಿದರು. ನಾನು ಬಾರಿಸುವ ತನಕ ಅವರಿಗೆ ಬೇರೆ ಕೆಲಸವೂ ಇರಲಿಲ್ಲ.

ರುಮಾಲಿಗೆ ಸಲಾಮು

ಆಮೇಲೆ ಬಂದವರು ಪೋತ್ನಾಳ ಕಡೆಯ ಒಬ್ಬ ರೈಸ್ ಮಿಲ್ ಸಾಹುಕಾರರು. ಹಣೆ ತುಂಬ ವಿಭೂತಿ, ಮೈ ತುಂಬ ಮೈ, ಬಾಯಿ ತುಂಬ ನಗು. ಬಿಡಾರಕ್ಕೆ ಕೈಚೀಲ ಸಾಕು ಎಂದು ಫೋನಿನಲ್ಲಿ ಹೇಳಿದ್ದೆ. ಅವರು ಟ್ರ್ಯಾಕ್ಟರ್ ತಂದರು. ಟ್ರಾಲಿಯಲ್ಲಿ ಮಂಚ, ಗಾದಿ, ಗ್ಯಾಸ್ ಒಲೆ, ತಮ್ಮದೇ ಮಿಲ್ಲಿನ ಸೋನಾ ಮಸೂರಿ ಚೀಲ, ಪೂಜೆಯ ಪೆಟ್ಟಿಗೆ, ಒಂದು ಕುಕ್ಕರ್ ಮತ್ತು ಅದು ಕೆಟ್ಟರೆ ಇರಲಿ ಎಂದು ಇನ್ನೊಂದು ಕುಕ್ಕರ್. ನಾನು ಹೊಡೆದ ಡೇರೆಯೊಳಗೆ ಇಣುಕಿ ನೋಡಿ, "ಸಾಮಾನಿಗಿ ಇದು ಬರೋಬ್ಬರಿ ಆತು. ನಾವೆಲ್ಲಿ ಮಲಗೂಣು?" ಎಂದು ಕೇಳಿದರು. ಸಾಮಾನು ಡೇರೆಯಲ್ಲಿ ಮಲಗಿತು, ಸಾಹುಕಾರರ ಮನೆಯವರೆಲ್ಲ ಟ್ರಾಲಿಯಲ್ಲಿ ಮಲಗಿದರು.

ಬೆಳಿಗ್ಗೆ ಅವರನ್ನು ಚಾಂದನಿ ಮೇಲೆ ಹತ್ತಿಸಿ ಅಡವಿಯ ಅಂಚಿನ ಹೊಲದ ದಾರಿ ಹಿಡಿದೆ. ಒಂದು ವಿಷಯ ಹೇಳಲು ಮರೆತಿದ್ದೆ. ಮದುವೆಯಲ್ಲಿ ಹೆಣ್ಣಿನ ಕಡೆಯ ಹಿರಿಯರು ತಲೆಗೆ ರುಮಾಲು ಸುತ್ತಿಕೊಂಡು ಎದುರಿಗೆ ಬಂದಾಗ ಮುಂಗಾಲು ಮಡಚಿ ತಲೆ ಬಾಗಿಸಬೇಕೆಂದು ಚಾಂದನಿಗೆ ಕಲಿಸಿದ್ದೇನೆ. ಈಗ ನಮ್ಮ ಕಡೆಯ ಹೊಲದಲ್ಲಿ ರುಮಾಲಿಲ್ಲದ ಹಿರಿಯರು ಎಲ್ಲಿದ್ದಾರೆ?

ತೊಗರಿ ಹೊಲದಿಂದ ಒಬ್ಬ ರೈತರು ಎದ್ದು ಬಂದರು. ಚಾಂದನಿ ಸಲಾಮು ಮಾಡಿದಳು. ಸಾಹುಕಾರರು ಜೀನಿನಿಂದ ಜಾರಿ ಅವಳ ಕುತ್ತಿಗೆ ತಬ್ಬಿಕೊಂಡರು. ರೈತರು ಎರಡೂ ಕೈ ಮುಗಿದರು. ಹತ್ತು ಹೆಜ್ಜೆ ಹೋದರೆ ಇನ್ನೊಬ್ಬರು, ಅಲ್ಲೂ ಸಲಾಮು, ಅಲ್ಲೂ ಕೈಮುಗಿತ. ಬಾವಿಯ ಹತ್ತಿರ ಐದಾರು ಜನ ಸಾಲಾಗಿ ಕೂತಿದ್ದರು. ಅಲ್ಲಿ ಸಾಹುಕಾರರು ಕುತ್ತಿಗೆ ಬಿಟ್ಟು ಮೇಲೇಳಲೇ ಇಲ್ಲ.

ಆದರೂ ಅವರ ಮುಖ ಅರಳಿತ್ತು. "ನೋಡ್ರಿ, ಎಷ್ಟು ದೂರ ಬಂದೀವಿ. ಇಲ್ಲೀ ರೈತರೂ ನನ್ನ ಗುರುತು ಹಿಡಿಯಾಕತ್ತಾರ."

ಬಾವಿಯ ಕಟ್ಟೆಯ ಮೇಲಿದ್ದ ಮುದುಕರು ಅದನ್ನು ಕೇಳಿಸಿಕೊಂಡರು. "ತಪ್ಪು ತಿಳೀಬ್ಯಾಡ್ರೀ ಸಾಹುಕಾರ್ರ. ನಿಮ್ಮ ಮಾರಿನ ಇನ್ನಾ ಕಂಡಿಲ್ಲ, ಕುದುರಿ ಜೂಲಿನಾಗ ಅದ. ಕುದುರಿ ಮೊದಲ ನಮಸ್ಕಾರ ಮಾಡ್ತು, ತಿರುಗಿ ಮಾಡಲಿಲ್ಲಂದ್ರ ಚಲೋ ಕಾಣಂಗಿಲ್ಲ."

ಮಧ್ಯಾಹ್ನ ನಾನು ಕುದುರೆಗೆ ನೀರು ಕುಡಿಸಲು ಹೋದಾಗ ಸಾಹುಕಾರರು ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಚಾಂದನಿಯ ಎದುರಿಗೆ ನಿಂತಿದ್ದರು. ಚಾಂದನಿ ಕಾಲು ಮಡಚಿ ತಲೆ ಬಾಗಿಸಿದಳು. "ಹಾಂ, ಈಗ ಬರೋಬ್ಬರಿ ಆತು," ಎಂದು ಟವೆಲ್ ಬಿಚ್ಚಿ ಕೈ ಒರೆಸಿಕೊಂಡು ಊಟಕ್ಕೆ ಹೋದರು.

ಸೀನಿದ ಮ್ಯಾನೇಜರು

ಮೈಸೂರು ಕಡೆಯಿಂದ ವರ್ಗವಾಗಿ ಮಾನ್ವಿಗೆ ಬಂದಿದ್ದ ಬ್ಯಾಂಕ್ ಮ್ಯಾನೇಜರೊಬ್ಬರು ಹೆಂಡತಿಯೊಂದಿಗೆ ಬಂದಾಗ, ಪಕ್ಕದ ಬಯಲಿನಲ್ಲಿ ಕುರಿಗಾರರು ಹಟ್ಟಿ ಹಾಕಿದ್ದರು. ಬಿಳಿ ಕುದುರೆ ಕಂಡದ್ದೇ ತಡ, ಕಂಬಳಿ ಹೊದ್ದ ಹಿರಿಯ ಕುರಿಗಾರ ಬಂದು ಚಾಂದನಿಯ ಹಣೆಗೆ ಭಂಡಾರದ ಅರಿಶಿನ ಹಚ್ಚಿದ. ಮೈಲಾರಲಿಂಗನ ಒಕ್ಕಲಿಗೆ ಕುದುರೆ ಎಂದರೆ ದೇವರ ವಾಹನ. ಮೇಲೆ ಕೂತ ಮ್ಯಾನೇಜರ ಮೇಲೂ ಒಂದು ಹಿಡಿ ಅರಿಶಿನ ಎರಚಿ ಕೇಳಿದ:

"ಯಪ್ಪಾ, ಸವಾರಿ ಮ್ಯಾಲ ಕುಂತೀರಿ. ನಾಳಿ ಕುರಿ ಎತ್ತಾಗ ಹೊಡಿಯೂಣು, ಒಂದು ಮಾತು ಹೇಳ್ರಿ."

ಮ್ಯಾನೇಜರ ಮೂಗಿಗೆ ಅರಿಶಿನ ಹೋಗಿತ್ತು. ಉತ್ತರದ ಬದಲು ಒಂದು ದೊಡ್ಡ ಸೀನು ಬಂತು. ಸೀನಿದ ರಭಸಕ್ಕೆ ಎಡಗೈ ಗುಡ್ಡದ ಕಡೆ ಚಾಚಿತು. ಹಿರಿಯ ಆ ದಿಕ್ಕಿಗೆ ಕೈ ಮುಗಿದು ಹೋದ.

ಮರುದಿನ ಗುಡ್ಡದ ಆಚೆ ಕುರಿಗಳಿಗೆ ಹೊಟ್ಟೆ ತುಂಬ ಮೇವು ಸಿಕ್ಕಿತಂತೆ. ಸಂಜೆ ನೋಡಿದರೆ ನಮ್ಮ ಡೇರೆಯ ಮುಂದೆ ಒಂದು ತಂಬಿಗೆ ಕುರಿ ಹಾಲು, ಜೊತೆಗೆ ಹಟ್ಟಿಯ ಅಷ್ಟೂ ಜನ. ಒಬ್ಬನಿಗೆ ಕಳೆದುಹೋದ ಟಗರಿನ ಚಿಂತೆ, ಒಬ್ಬಳಿಗೆ ಮಗಳ ಲಗ್ನದ ಚಿಂತೆ. ಮ್ಯಾನೇಜರ ಹೆಂಡತಿ ನನಗೆ ಮೆಲ್ಲಗೆ ಹೇಳಿದರು: "ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಅಂದ್ರೂ ಇವರ ಮಾತು ಯಾರೂ ನಂಬೋಲ್ಲ ಕಣ್ರೀ."

ಮ್ಯಾನೇಜರು ಮಾತ್ರ ನನ್ನನ್ನು ಮರದ ಮರೆಗೆ ಕರೆದು ಕೇಳಿದರು: "ಇನ್ನೊಂದು ದಿನ ಇರಬಹುದಾ? ಸ್ವಲ್ಪ ಅರಿಶಿನಾನೂ ಸಿಗುತ್ತಾ?"

ಭೋಗಿಯ ರೊಟ್ಟಿ

ಇಷ್ಟೆಲ್ಲ ಆದರೂ ನನ್ನ ಹೆಂಡತಿ ಸೋಲಲಿಲ್ಲ. "ಗಿರಾಕಿ ಬಂದ್ರು ಖರೆ. ಬ್ಯಾಸಿಗ್ಯಾಗ ಯಾರು ಅಡವಿಗಿ ಬರ್ತಾರ? ನಾನು ವ್ಯಾಪಾರಿಗಿ ಮಾತು ಕೊಟ್ಟೀನಿ," ಅಂದಳು.

ಸಂಕ್ರಾಂತಿಯ ಹಿಂದಿನ ದಿನ, ಭೋಗಿ. ವ್ಯಾಪಾರಿ ಸೀದಾ ಬಿಡಾರಕ್ಕೇ ಬರುವುದೆಂದಾಯಿತು. ವ್ಯಾಪಾರದ ಮಾತನ್ನು ನನ್ನ ಮೇಲೆ ಬಿಡುವ ಧೈರ್ಯ ಇಲ್ಲದೆ ಹೆಂಡತಿಯೂ ಮೊದಲ ಸಲ ಅಡವಿಗೆ ಬಂದಳು. ಮಿಲ್ಲಿನ ಸಾಹುಕಾರರು ಟ್ರ್ಯಾಕ್ಟರ್ ಸಮೇತ ಮತ್ತೆ ಬಂದಿದ್ದರು. ಹಬ್ಬದ ದಿನ ಅವರಿಗೆ ಒಣ ರೊಟ್ಟಿ ಹಾಕುವುದು ಬೇಡವೆಂದು ಹೆಂಡತಿ ಬೇವಿನ ಮರದ ಆಚೆ ಕಲ್ಲು ಹೂಡಿ ಒಲೆ ಹೊತ್ತಿಸಿ, ಎಳ್ಳು, ಸಜ್ಜೆ ಹಿಟ್ಟು ತೆಗೆದಿಟ್ಟುಕೊಂಡಳು.

ವ್ಯಾಪಾರಿ ಕೆಲಸ ಬಲ್ಲವನು. ಬಂದವನೇ ಚಾಂದನಿಯ ತುಟಿ ಎತ್ತಿ ಹಲ್ಲು ನೋಡಿದ. ಕುದುರೆಯ ವಯಸ್ಸು ಹಲ್ಲಿನಲ್ಲಿರುತ್ತದೆ. ಗೊರಸು ಎತ್ತಿ ನೋಡಿದ, ಮೊಣಕಾಲು ಒತ್ತಿ ನೋಡಿದ. "ಹಲ್ಲು ಚಲೋ ಅವ. ಈಗ ನಡಿಗಿ ನೋಡೂಣು," ಎಂದು ಹತ್ತಿ ಕೂತ.

ನಾನು ತಗಡಿನ ಮುಚ್ಚಳವನ್ನು ಹುರುಳಿ ಚೀಲದ ಕೆಳಗೆ ಬಚ್ಚಿಟ್ಟಿದ್ದೆ. ಬಡಿತವಿಲ್ಲದೆ ಚಾಂದನಿ ನಡೆಯುವುದಿಲ್ಲ. ನಡೆಯದ ಕುದುರೆಯನ್ನು ಯಾರೂ ಕೊಳ್ಳುವುದಿಲ್ಲ. ಸಾಹುಕಾರರಿಗೂ ಕಾವಲುಗಾರನಿಗೂ ಮೊದಲೇ ಹೇಳಿದ್ದೆ, ಯಾರೂ ಚಪ್ಪಾಳೆ ಕೂಡ ತಟ್ಟಬಾರದು ಎಂದು. ನಾನು ಬಾಯಿ ಮುಚ್ಚಿ ಬೋರ್ಡಿನ ಪಕ್ಕ ನಿಂತದ್ದನ್ನು ಕಂಡು ಕಾವಲುಗಾರನಿಗೆ ಬಹಳ ಸಂತೋಷವಾಯಿತು. "ಅಂತೂ ಬೋರ್ಡ್ ಓದಿದ್ರಿ," ಅಂದ.

ವ್ಯಾಪಾರಿ ನಾಲಿಗೆ ಲೊಚಗುಟ್ಟಿದ. ಹಿಮ್ಮಡಿಯಿಂದ ತಿವಿದ. ಲಗಾಮು ಸಡಿಲ ಬಿಟ್ಟ, ಬಿಗಿ ಹಿಡಿದ. ಚಾಂದನಿ ಕಣ್ಣು ಮುಚ್ಚಿ ನಿಂತಳು.

"ಏನ್ರೀ ಇದು, ಗುಡಿ ಮುಂದಿನ ಕಲ್ಲಿನ ಕುದುರಿ ಕೊಟ್ರೇನು?"

"ಏನ್ ಮಾಡೂದ್ರೀ, ಅದರ ಮರ್ಜಿ," ಅಂದೆ. ಒಳಗೊಳಗೆ ನನಗೆ ಹಬ್ಬ. ವ್ಯಾಪಾರಿ ಬೇಸರದಿಂದ ಇಳಿಯಲು ಒಂದು ಕಾಲನ್ನು ಜೀನಿನ ರಿಕಾಪಿನ ಬಳೆಯಿಂದ ತೆಗೆದ.

ಆಗ ಬೇವಿನ ಮರದ ಆಚೆಯಿಂದ ಸಪ್ಪಳ ಬಂತು. ಪಟ್. ಪಟ್. ಪಟ ಪಟ ಪಟ ಪಟ.

ನನ್ನ ಹೆಂಡತಿ ರೊಟ್ಟಿ ಬಡಿಯಲು ಶುರುಮಾಡಿದ್ದಳು.

ನಾನು ಎಲ್ಲವನ್ನೂ ವಿಚಾರ ಮಾಡಿದ್ದೆ, ಇದೊಂದನ್ನು ಬಿಟ್ಟು. ಚಾಂದನಿಯ ಒಂದು ಕಿವಿ ತಿರುಗಿತು. ಕಣ್ಣು ತೆರೆಯಿತು. ಕತ್ತು ಕೊಂಕಿತು, ಮುಂಗಾಲು ಎದ್ದಿತು. ಒಂದೇ ರಿಕಾಪಿನಲ್ಲಿ ನೇತಾಡುತ್ತಿದ್ದ ವ್ಯಾಪಾರಿಯನ್ನು ಹೊತ್ತು ಅವಳು ಒಲೆಯ ಕಡೆಗೆ ಕುಣಿಯುತ್ತಾ ಹೊರಟಳು. ದೊಡ್ಡ ದೊಡ್ಡ ಮನೆತನದ ಮದುವೆಗಳಲ್ಲೂ ಅವಳು ಹಾಗೆ ಕುಣಿದಿರಲಿಲ್ಲ. ಹೆಂಡತಿ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು, ಚಾಂದನಿ ನಿಂತಳು. ಇನ್ನೊಂದು ಉಂಡೆ ತೆಗೆದು ಬಡಿದಳು, ಮತ್ತೆ ಕುಣಿತ.

ವ್ಯಾಪಾರಿ ಹೇಗೋ ನೆಟ್ಟಗೆ ಕೂತು ಅಂದ: "ಅಮ್ಮಾ, ಇಂಥಾ ಕುದುರಿ ನಮ್ಮ ಕಡಿ ಒಂದೂ ಇಲ್ಲ. ಇವತ್ತ ಲಾರಿಗಿ ಹತ್ತಿಸ್ತೀನಿ."

ನನಗೆ ಅಳುವೇ ಬಂತು. ಬೋರ್ಡಿನ ಕಂಬ ಹಿಡಿದು ನಿಂತೆ.

ಹೆಂಡತಿ ಹಿಟ್ಟಿನ ಕೈಯಲ್ಲೇ ಚಾಂದನಿಯನ್ನು ನೋಡುತ್ತಾ ಕೂತಳು. ಪರೀಕ್ಷೆ ಮಾಡುವವಳಂತೆ ಮೆಲ್ಲಗೆ ಬಡಿದಳು; ಮೆಲ್ಲಗೆ ಕುಣಿತ. ಜೋರಾಗಿ ಬಡಿದಳು, ಜೋರು ಕುಣಿತ. ಆಮೇಲೆ ಒಂದು ಬಿಸಿ ರೊಟ್ಟಿಯಲ್ಲಿ ಬೆಲ್ಲ ಸುತ್ತಿ, ಊದಿ ಆರಿಸಿ, ಎದ್ದು ಹೋಗಿ ಚಾಂದನಿಯ ಬಾಯಿಗೆ ಕೊಟ್ಟಳು.

"ಲಗ್ನ ಆದಾಗಿಂದ ರೊಟ್ಟಿ ಬಡಿಯಾಕತ್ತೀನಿ," ಅಂದಳು. "ಅತ್ತಿ ಮಾವ ಉಂಡ್ರು, ಮಕ್ಕಳು ಉಂಡ್ರು, ಇವರಂತೂ ಉಂಡೇ ಉಂಡ್ರು. ಚಲೋ ಆಗ್ಯಾವ ಅಂತ ಒಬ್ಬರ ಬಾಯಾಗ ಬರಲಿಲ್ಲ. ಇಕಿ ನೋಡ್ರಿ, ತಿನ್ನೂದಕ್ಕಿಂತ ಮೊದಲ ಕುಣಿಯಾಕತ್ತಾಳ. ಇಕಿನ್ನ ಕೊಡಂಗಿಲ್ಲ."

"ಅಮ್ಮಾ, ಮಾತು ಕೊಟ್ಟೀರಿ. ಇಷ್ಟು ದೂರ ಲಾರಿ ತಂದೀನಿ. ಖಾಲಿ ಹೆಂಗ ಹೋಗ್ಲಿ?"

ಹೆಂಡತಿ ಸುತ್ತಲೂ ನೋಡಿದಳು. ಅವಳ ಕಣ್ಣು ಬೋರ್ಡಿನ ಕಂಬದ ಹತ್ತಿರ ನಿಂತಿತು.

"ಖಾಲಿ ಯಾಕ ಹೋಗ್ತೀರಿ? ಇವರನ್ನ ಒಯ್ರಿ. ಮೇವು ಇಬ್ಬರಿಗೂ ಹೆಚ್ಚುಕಮ್ಮಿ ಅಷ್ಟ ಬೇಕು."

ಸಾಹುಕಾರರು ಹೊಟ್ಟೆ ಹಿಡಿದು ನಕ್ಕರು. ಕಾವಲುಗಾರ ಬೋರ್ಡನ್ನು ಮರೆತು ಅಡವಿ ಅದುರುವಂತೆ ನಕ್ಕ. ಚಾಂದನಿ ಉಳಿದಳೆಂಬ ಖುಷಿಗೆ ನಾನಂತೂ ಬಾಯಿ ಅಗಲ ತೆರೆದು ನಕ್ಕೆ.

ವ್ಯಾಪಾರಿ ಕುದುರೆಯಿಂದ ಇಳಿದು ನನ್ನ ಹತ್ತಿರ ಬಂದ. ನನ್ನ ಮೊಣಕಾಲು ನೋಡಿದ, ಪಾದ ನೋಡಿದ, ಕೊನೆಗೆ ನಗುತ್ತಿದ್ದ ಬಾಯಿಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ಕೈ ಮುಗಿದ.

"ಬ್ಯಾಡ್ರೀ ಅಮ್ಮಾ. ಹಲ್ಲು ನೋಡೀನಿ."